ಕಿಟಕಿ ತೆರೆದಿರುತ್ತದೆ ಎಂದು ನಂಬಿದ ಲೆಕ್ಕ: ಕ್ರೆಡಲ್ ಮತ್ತು ಇಂಧನ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡಲ್)
ಹಾಗೂ ಇಂಧನ ಇಲಾಖೆಯ ಅಧಿಕಾರಿಗಳು, ಕರ್ನಾಟಕ ಸರ್ಕಾರ

ಮಾನ್ಯರೇ,

ದೊಡ್ಡ ಕಟ್ಟಡವೊಂದು ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಗೆ, ಅಂದರೆ ಕರೆಂಟ್ ಉಳಿಸುವಂತೆ ಕಟ್ಟಲು ಇರುವ ನಿಯಮಗಳಿಗೆ, ಒಪ್ಪುತ್ತದೆ ಎಂದು ತೋರಿಸಲು ಸಿಮ್ಯುಲೇಶನ್ ದಾರಿ (ಕಂಪ್ಯೂಟರಿನಲ್ಲೇ ಕಟ್ಟಡವನ್ನು ನಡೆಸಿ ನೋಡುವ ದಾರಿ) ಹಿಡಿದರೆ, ಕಡತದಲ್ಲಿ ಕೊನೆಗೆ ಉಳಿಯುವುದು ಒಂದು ಸಂಖ್ಯೆ. ವರ್ಷಕ್ಕೆ, ಪ್ರತಿ ಚದರ ಮೀಟರ್‌ಗೆ, ಇಷ್ಟು ಯೂನಿಟ್ ಕರೆಂಟ್. ಆ ಸಂಖ್ಯೆ ತಯಾರಿಸುವುದು ನನ್ನಂಥವರ ಕೆಲಸ. ಬೆಂಗಳೂರಿನಲ್ಲಿ ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಆ ಸಂಖ್ಯೆಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದು ಈ ಪತ್ರ. ಅದರಲ್ಲಿ ಇಲ್ಲದಿರುವುದು ಮುಖ್ಯವಾಗಿ ಜನ. ನಮ್ಮ ಕರ್ನಾಟಕದ ಜನ, ಅವರು ನಿಜಕ್ಕೂ ಬದುಕುವ ರೀತಿ.

ಇದನ್ನು ಈಗಲೇ ಬರೆಯುವುದಕ್ಕೆ ಕಾರಣವಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2024ರ ಹೊಸ ಸಂಹಿತೆಗಳನ್ನು ಹೊರತಂದಿದೆ, ಮನೆಗಳಿಗೊಂದು, ವಾಣಿಜ್ಯ ಕಟ್ಟಡಗಳಿಗೊಂದು. 2001ರ ಇಂಧನ ಸಂರಕ್ಷಣಾ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಸಂಹಿತೆಯನ್ನು ತನ್ನ ಹವಾಮಾನಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. 2022ರ ತಿದ್ದುಪಡಿಯಿಂದ ದೊಡ್ಡ ವಸತಿ ಕಟ್ಟಡಗಳೂ ಕಾಯ್ದೆಯ ಒಳಗೆ ಬಂದಿವೆ. ಅಂದರೆ ಇಲ್ಲಿಯವರೆಗೆ ಬಹುತೇಕ ಆಫೀಸು, ಮಾಲ್‌ಗಳ ಮಾತಾಗಿದ್ದದ್ದು ಇನ್ನು ಮನೆಯೊಳಗೂ ಬರುತ್ತದೆ. ಮನೆಯೊಳಗೆ ಬಂದಮೇಲೆ ಮನೆಯವರನ್ನು ಲೆಕ್ಕಕ್ಕೆ ಹಿಡಿಯಲೇಬೇಕಲ್ವಾ?

ಮೊದಲು ಲೆಕ್ಕ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಎನರ್ಜಿಪ್ಲಸ್‌ನಂಥ ಸಾಫ್ಟ್‌ವೇರ್‌ಗೆ ಕಟ್ಟಡದ ಆಕಾರ, ಗೋಡೆ, ಗಾಜು, ತಾರಸಿ, ಏಸಿ ಯಂತ್ರಗಳ ವಿವರ ಕೊಡುತ್ತೇವೆ. ಊರಿನ ಹವಾಮಾನದ ಕಡತ ಕೊಡುತ್ತೇವೆ. ಅದು ವರ್ಷದ 8,760 ಗಂಟೆಗಳಲ್ಲಿ ಪ್ರತಿ ಗಂಟೆಯನ್ನೂ ಲೆಕ್ಕ ಹಾಕುತ್ತದೆ. ಬಿಸಿಲು ಎಷ್ಟು ಒಳಗೆ ಬಂತು, ಗೋಡೆ ಎಷ್ಟು ಕಾಯಿತು, ಯಂತ್ರ ಎಷ್ಟು ತಂಪು ಮಾಡಬೇಕಾಯಿತು ಎಂದು. ಈ ಭಾಗದಲ್ಲಿ ನನಗೆ ನಂಬಿಕೆ ಇದೆ. ಇಟ್ಟಿಗೆ ಗೋಡೆಯಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದು ಕಲಬುರಗಿಯಲ್ಲೂ ಒಂದೇ, ಕೆನಡಾದಲ್ಲೂ ಒಂದೇ.

ಜನರ ವಿಷಯಕ್ಕೆ ಬಂದಾಗ ನಾವು ಕೊಡುವುದು ಒಂದು ಪಟ್ಟಿ. ಇದಕ್ಕೆ ಶೆಡ್ಯೂಲ್ ಎನ್ನುತ್ತೇವೆ. ದಿನದ 24 ಗಂಟೆಗೆ 24 ಅಂಕಿ. ಬೆಳಗ್ಗೆ ಹತ್ತಕ್ಕೆ ಶೇಕಡಾ 90ರಷ್ಟು ಜನ ಒಳಗಿದ್ದಾರೆ, ಊಟದ ಹೊತ್ತಿಗೆ ಅರ್ಧ, ಸಂಜೆ ಏಳಕ್ಕೆ ಯಾರೂ ಇಲ್ಲ, ಹೀಗೆ. ದೀಪಕ್ಕೆ ಇನ್ನೊಂದು ಪಟ್ಟಿ, ಕಂಪ್ಯೂಟರಿಗೆ ಮತ್ತೊಂದು. ಏಸಿಗೆ ಒಂದು ಉಷ್ಣತೆ, ವರ್ಷವಿಡೀ ಅದೇ. ಸೋಮವಾರದಿಂದ ಶುಕ್ರವಾರದವರೆಗೆ ಅದೇ ಜನ, ಅದೇ ಹೊತ್ತು. ಈ ಪಟ್ಟಿಯಲ್ಲಿರುವ ಜನಕ್ಕೆ ಚಳಿ ಆಗುವುದಿಲ್ಲ. ಅವರ ಮೇಜಿನ ಮೇಲೆ ಬಿಸಿಲು ಬೀಳುವುದಿಲ್ಲ. ಅವರ ಮನೆಗೆ ಸೊಳ್ಳೆ ಬರುವುದಿಲ್ಲ.

ಸೊಳ್ಳೆಯ ಮಾತನ್ನು ಸುಮ್ನೆ ಎತ್ತಲಿಲ್ಲ. ಬೆಂಗಳೂರಿನಲ್ಲಿ ಮನೆಯ ಶಕ್ತಿ ಲೆಕ್ಕ ಎಲ್ಲಿ ಹಾದಿ ತಪ್ಪುತ್ತದೆ ಎಂದು ಕೇಳಿದರೆ ನಾನು ಮೊದಲು ಹೇಳುವುದೇ ಇದನ್ನು. ನಮ್ಮ ಊರಿನ ಹವೆಯ ದೊಡ್ಡ ಲಾಭ ರಾತ್ರಿಯ ತಂಪು. ಏಪ್ರಿಲ್‌ನಲ್ಲೂ ಹಗಲು ಎಷ್ಟೇ ಕಾದರೂ ಕತ್ತಲಾದ ಮೇಲೆ ಹೊರಗಿನ ಗಾಳಿ ತಣ್ಣಗಾಗುತ್ತದೆ. ಕಿಟಕಿ ತೆರೆದರೆ ಹಗಲಿಡೀ ಕಾದ ಗೋಡೆ, ಛಾವಣಿ ರಾತ್ರಿಯೆಲ್ಲ ತಣಿಯುತ್ತವೆ. ಮರುದಿನ ಮಧ್ಯಾಹ್ನದವರೆಗೆ ಆ ತಂಪು ಉಳಿಯುತ್ತದೆ. ಸಿಮ್ಯುಲೇಶನ್‌ನಲ್ಲಿ ಇದನ್ನು ಹಾಕಿದರೆ ಫಲಿತಾಂಶ ಬಹಳ ಚೆನ್ನಾಗಿ ಬರುತ್ತದೆ. ಹೊರಗೆ ಒಳಗಿಗಿಂತ ತಣ್ಣಗಿದ್ದಾಗ ಕಿಟಕಿ ತೆರೆದಿರುತ್ತದೆ ಎಂದು ಒಂದು ಸಾಲು ಬರೆದರೆ ಸಾಕು, ಏಸಿಯ ಅಗತ್ಯವೇ ಎಷ್ಟೋ ಕಡಿಮೆಯಾಗುತ್ತದೆ.

ಮನೆಗಳಲ್ಲಿ ನಡೆಯುವುದು ಏನು? ಸಂಜೆ ಆರಾಗುತ್ತಿದ್ದಂತೆ ಅಮ್ಮ ಕೂಗುತ್ತಾರೆ, "ಕಿಟಕಿ ಹಾಕ್ರೋ, ಸೊಳ್ಳೆ ಬರುತ್ವೆ." ಹೊರಗಿನ ಗಾಳಿ ತಣ್ಣಗಾಗಲು ಶುರುವಾಗುವ ಹೊತ್ತಿಗೆ ಸರಿಯಾಗಿ ಮನೆಯ ಕಿಟಕಿಗಳೆಲ್ಲ ಮುಚ್ಚುತ್ತವೆ. ನೆಲಮಹಡಿಯಲ್ಲಿ ಕಳ್ಳರ ಭಯ. ಮುಖ್ಯರಸ್ತೆಯ ಪಕ್ಕದಲ್ಲಿ ಹಾರನ್ ಮತ್ತು ದೂಳು. ಎದುರು ಮನೆಯ ಕಿಟಕಿ ಎಂಟೇ ಅಡಿ ದೂರದಲ್ಲಿದ್ದರೆ ಪರದೆಯನ್ನೂ ಎಳೆಯುತ್ತಾರೆ. ಡೆಂಗಿಯ ಕಾಲದಲ್ಲಿ ಹಗಲೂ ಮುಚ್ಚಿರುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಮಕ್ಕಳಿರುವ ಮನೆಯಲ್ಲಿ ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ನಮ್ಮ ಲೆಕ್ಕದಲ್ಲಿ ಆ ಕಿಟಕಿ ತೆರೆದೇ ಇರುತ್ತದೆ.

ಮನೆಗಳ ಸಂಹಿತೆಯಾದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂದಾಗ ಒಂದು ಒಳ್ಳೆಯ ನಿಯಮ ತಂದಿತು. ತೆರೆಯಬಹುದಾದ ಕಿಟಕಿಯ ಅಳತೆ ಕೋಣೆಗಳ ನೆಲದ ಅಳತೆಯ ಶೇಕಡಾ ಇಷ್ಟಾದರೂ ಇರಬೇಕು ಎಂದು. ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಅದು ಶೇಕಡಾ 12.5. ಮಂಗಳೂರಿನಂಥ ಬಿಸಿ, ತೇವದ ವಲಯಕ್ಕೆ ಇನ್ನೂ ಜಾಸ್ತಿ, 16.66. ನಿಯಮ ಸರಿಯಾಗಿದೆ. ಆದರೆ ಅದು ಅಳೆಯುವುದು ತೆರೆಯಬಹುದಾದ ಕಿಟಕಿಯನ್ನು, ತೆರೆಯುವ ಕಿಟಕಿಯನ್ನಲ್ಲ. ಸೊಳ್ಳೆ ಜಾಲರಿ ಇರುವ, ಒಳಗೆ ಗಟ್ಟಿ ಸರಳಿರುವ, ಮೇಲ್ಭಾಗದಲ್ಲಿ ಪ್ರತ್ಯೇಕವಾಗಿ ತೆರೆಯುವ ಸಣ್ಣ ಕದವಿರುವ ಕಿಟಕಿ ರಾತ್ರಿಯಿಡೀ ತೆರೆದಿರಬಲ್ಲದು. ಬರೀ ಜಾರುವ ಗಾಜಿನ ಕಿಟಕಿ ಸಂಜೆ ಆರಕ್ಕೆ ಮುಚ್ಚುತ್ತದೆ. ತೆರೆಯಬಹುದಾದ ಅಳತೆ ಒಂದೇ ಆಗಿದ್ದರೆ ಕಾಗದದ ಮೇಲೆ ಎರಡಕ್ಕೂ ಒಂದೇ ಅಂಕ.

ಹೈದರಾಬಾದಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಂಶೋಧಕಿ ಮಾಧವಿ ಇಂದ್ರಗಂಟಿ 2008ರ ಬೇಸಿಗೆಯಲ್ಲಿ ಮಾಡಿದ ಅಧ್ಯಯನ ಇದನ್ನೇ ತೋರಿಸಿತ್ತು. ಜನ ಸುಮಾರು 29 ಡಿಗ್ರಿಯಲ್ಲೂ ಹಾಯಾಗಿದ್ದರು, 32 ಡಿಗ್ರಿವರೆಗೂ ಒಗ್ಗಿಕೊಳ್ಳುತ್ತಿದ್ದರು. ಫ್ಯಾನು, ಕಿಟಕಿ, ತೆಳು ಬಟ್ಟೆ, ಎಲ್ಲವನ್ನೂ ಬಳಸುತ್ತಿದ್ದರು. ಆದರೆ ಕಿಟಕಿ ಬಾಗಿಲು ತೆರೆಯಲು ಅವರಿಗೆ ಬೇಕಾದಷ್ಟು ಅಡ್ಡಿಗಳಿದ್ದವು. ಸೊಳ್ಳೆ, ಸದ್ದು, ಮನೆಯೊಳಗೆ ಹೊರಗಿನವರ ಕಣ್ಣು ಬೀಳುತ್ತದೆಂಬ ಸಂಕೋಚ. ಇದು ನಮ್ಮ ಪಕ್ಕದ ರಾಜ್ಯದ ಮಾತು. ಸ್ವಿಟ್ಜರ್ಲೆಂಡಿನ ಆಫೀಸುಗಳಲ್ಲಿ ಕಿಟಕಿ ಯಾವಾಗ ತೆರೆಯುತ್ತದೆ ಎಂಬುದಕ್ಕೆ ಒಳ್ಳೆಯ ಗಣಿತ ಮಾದರಿಗಳಿವೆ. ಒಳಗಿನ ಮತ್ತು ಹೊರಗಿನ ಉಷ್ಣತೆ ಕೊಟ್ಟರೆ ಕಿಟಕಿ ತೆರೆಯುವ ಸಾಧ್ಯತೆ ಹೇಳುತ್ತವೆ. ಅವನ್ನು ತಂದು ಜಯನಗರದ ಮನೆಗೆ ಹಾಕಿದರೆ ಏನು ಪ್ರಯೋಜನ? ಅವುಗಳಲ್ಲಿ ಸಂಜೆ ಆರು ಗಂಟೆ ಎಂಬುದೇ ಇಲ್ಲ.

ಇನ್ನು ಸ್ನಾನದ ನೀರು. ಇದು ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ನೋಡಿ. 20 ಡಿಗ್ರಿಯ ನೀರನ್ನು 40 ಡಿಗ್ರಿಗೆ ಕಾಯಿಸಬೇಕು. ಒಬ್ಬರು ಒಂದು ಬಕೆಟ್, ಅಂದರೆ ಸುಮಾರು 15 ಲೀಟರ್, ಬಳಸಿದರೆ ಮೂರನೇ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಸಾಕು. ಶವರ್ ಕೆಳಗೆ ನಿಂತು 60 ಲೀಟರ್ ಬಳಸಿದರೆ 1.4 ಯೂನಿಟ್ ಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಮೊದಲನೆಯದು 42 ಯೂನಿಟ್, ಎರಡನೆಯದು 168. ಗೋಡೆ ಅದೇ, ಗೀಸರ್ ಅದೇ, ಮನೆ ಅದೇ. ಸೋಲಾರ್ ಹೀಟರ್ ಇದ್ದರೆ ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾರೆ ಎಂಬುದೂ ಸೇರಿಕೊಳ್ಳುತ್ತದೆ. ಮೋಡದ ದಿನ ಮೊದಲು ಎದ್ದವರಿಗೆ ಬಿಸಿನೀರು, ಕೊನೆಯವರಿಗೆ ಗೀಸರ್. ತಾರಸಿಯ ಟ್ಯಾಂಕಿನಿಂದ ಬರುವ ಪೈಪು ಉದ್ದವಿದ್ದರೆ ಬಿಸಿನೀರು ಬರುವ ತನಕ ಕಾಯಲಾರದೆ ಗೀಸರ್ ಸ್ವಿಚ್ ಒತ್ತುವವರೂ ಇದ್ದಾರೆ.

ಗೃಹಜ್ಯೋತಿ ಯೋಜನೆಯನ್ನು ಇಲ್ಲಿ ನೆನಪಿಸಲೇಬೇಕು. ಅದು ಶುರುವಾದಾಗ ಉಚಿತ ಕರೆಂಟಿನ ಗಡಿ ಹೀಗಿತ್ತು: 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ಮೀರದಂತೆ. ಒಂದು ಗಡಿ ಹಾಕಿದೊಡನೆ ಮೀಟರ್ ಕಡೆ ನೋಡದವರೂ ನೋಡತೊಡಗಿದರು. ತಿಂಗಳ ಕೊನೆಯ ವಾರ ಗೀಸರ್ ಬಂದ್ ಮಾಡುವ ಮನೆಗಳು ನನಗೆ ಗೊತ್ತು. ಬಿಲ್ಲಿನ ನಿಯಮ ಬದಲಾದರೆ ಅಭ್ಯಾಸ ಬದಲಾಗುತ್ತದೆ, ಅಭ್ಯಾಸ ಬದಲಾದರೆ ಬಳಕೆ ಬದಲಾಗುತ್ತದೆ. ಇದು ನಿಮ್ಮ ಇಲಾಖೆಗೆ ನಮಗಿಂತ ಚೆನ್ನಾಗಿ ಗೊತ್ತಿರುವ ವಿಷಯ. ನಮ್ಮ ಯಾವ ಶೆಡ್ಯೂಲಿನಲ್ಲೂ ಇದು ಇಲ್ಲ.

ಏಸಿಯ ಕಥೆ ಇನ್ನೂ ನೇರ. ಗಂಟೆಗೆ ಸರಾಸರಿ ಒಂದು ಯೂನಿಟ್ ಎಳೆಯುವ ಏಸಿ ಎಂದಿಟ್ಟುಕೊಳ್ಳಿ. ಒಂದು ಮನೆಯಲ್ಲಿ ಮಲಗುವ ಮುಂಚೆ ಎರಡು ಗಂಟೆ ಓಡಿಸಿ ಆಮೇಲೆ ಫ್ಯಾನ್ ಹಾಕುತ್ತಾರೆ, ಬೇಸಿಗೆಯ 60 ರಾತ್ರಿ. ಪಕ್ಕದ ಮನೆಯಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆ, 120 ರಾತ್ರಿ. ಮೊದಲನೆಯದು 120 ಯೂನಿಟ್, ಎರಡನೆಯದು 1,080. ಒಂಬತ್ತು ಪಟ್ಟು. ಇದರ ಮೇಲೆ ಉಷ್ಣತೆಯ ಸೆಟ್ಟಿಂಗ್. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಕರೆಂಟ್ ಉಳಿಯುತ್ತದೆ ಎಂದು ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಕೋಣೆ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಬಂದಿದ್ದು ಇದೇ ಕಾರಣಕ್ಕೆ. ಒಳ್ಳೆಯ ನಿಯಮ. ಯಾಕೆಂದರೆ ಅದು ಜನರಿಗೆ ಬುದ್ಧಿ ಹೇಳಲಿಲ್ಲ, ರಿಮೋಟ್ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಬದಲಿಸಿತು. ಬದಲಿಸುವ ಸ್ವಾತಂತ್ರ್ಯ ಜನರ ಕೈಯಲ್ಲೇ ಉಳಿಯಿತು.

ಈ ವ್ಯತ್ಯಾಸ ಹೊಸ ಸುದ್ದಿಯೇನಲ್ಲ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಒಂದೇ ನಕ್ಷೆಯ ಸಾಲುಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಂದೇ ಗೋಡೆ, ಒಂದೇ ಹೀಟರ್. ಆದರೂ ಮನೆ ಕಾಯಿಸಲು ಬಳಸಿದ ಗ್ಯಾಸ್‌ನಲ್ಲಿ ಎರಡು ಪಟ್ಟಿನಷ್ಟು ವ್ಯತ್ಯಾಸ ಕಂಡಿತು. ಅದೇ ತಂಡದ ರಾಬರ್ಟ್ ಸೊಂಡರೆಗ್ಗರ್ 1978ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳಬರು ಮನೆ ಬಿಟ್ಟು ಹೊಸಬರು ಬಂದ ಮನೆಗಳನ್ನೂ ಹಳಬರೇ ಉಳಿದ ಮನೆಗಳನ್ನೂ ಹೋಲಿಸಿ ನೋಡಿದರು. ಹಳಬರು ಉಳಿದಲ್ಲಿ ಬಳಕೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಜನ ಬದಲಾದಲ್ಲಿ ಬಳಕೆಯೂ ಬದಲಾಯಿತು. ಗೋಡೆಯನ್ನು ನೋಡಿ ವಿವರಿಸಲಾಗದೆ ಉಳಿದ ವ್ಯತ್ಯಾಸದ ದೊಡ್ಡ ಪಾಲು ಒಳಗಿದ್ದವರದು ಎಂದು ಆಗಲೇ ಗೊತ್ತಾಯಿತು.

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹಂಟ್ ಎಂಬ ಸಂಶೋಧಕರು ಕೋಣೆಗಳಲ್ಲಿ ದೀಪದ ಸ್ವಿಚ್ ಯಾವಾಗ ಒತ್ತುತ್ತಾರೆ ಎಂದು ನೋಡಿದರು. ಒಳಗೆ ಬಂದ ಗಳಿಗೆಯಲ್ಲಿ ಬೆಳಕು ಸಾಲದೆನಿಸಿದರೆ ಹಾಕುತ್ತಾರೆ. ಆಮೇಲೆ ಸೂರ್ಯ ಎಷ್ಟೇ ಮೇಲೇರಲಿ, ಕೊನೆಯವರು ಹೊರಡುವವರೆಗೆ ಆರಿಸುವುದಿಲ್ಲ. ನಮ್ಮ ಸರ್ಕಾರಿ ಕಚೇರಿ, ಬ್ಯಾಂಕು, ಕಾಲೇಜು, ಎಲ್ಲಿ ನೋಡಿದರೂ ಇದು ಇಂದಿಗೂ ನಿಜ. ಆಮೇಲೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಕಟ್ಟಡ ವಿಭಾಗದಡಿ ಅನೆಕ್ಸ್ 66 ಎಂಬ ಯೋಜನೆ ನಡೆಯಿತು, ಅದರ ಬೆನ್ನಿಗೇ ಅನೆಕ್ಸ್ 79. ಜನರ ನಡವಳಿಕೆಯನ್ನು ಸಿಮ್ಯುಲೇಶನ್‌ಗೆ ತರುವುದು ಹೇಗೆ ಎಂಬುದೇ ಅವುಗಳ ವಿಷಯ. ಜ್ಞಾನ ಇದೆ. ಅದು ನಮ್ಮ ಕಡತಕ್ಕೆ ಇಳಿದಿಲ್ಲ ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಗಟ್ಟಿ ಆಕ್ಷೇಪ, ಪಕ್ಕಕ್ಕೆ ಸರಿಸುವಂಥದ್ದಲ್ಲ. ಒಂದು ಮನೆಯವರು ಜಾಸ್ತಿ ಬಳಸಿದರೆ ಇನ್ನೊಬ್ಬರು ಕಡಿಮೆ ಬಳಸುತ್ತಾರೆ, ಒಟ್ಟಾರೆ ಸರಾಸರಿ ಸರಿಹೋಗುತ್ತದೆ ಎಂಬುದು. 2008ರಲ್ಲಿ ಅಮೆರಿಕದ ನ್ಯೂ ಬಿಲ್ಡಿಂಗ್ಸ್ ಇನ್‌ಸ್ಟಿಟ್ಯೂಟ್ ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರ ಪಡೆದ 121 ಕಟ್ಟಡಗಳ ನಿಜವಾದ ಬಳಕೆ ನೋಡಿತು. ಎಲ್ಲ ಸೇರಿಸಿದರೆ ಸರಾಸರಿ ಅಂದಾಜಿಗೆ ಹತ್ತಿರವೇ ಇತ್ತು. ಆದರೆ ಒಂದೊಂದನ್ನೇ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕಟ್ಟಡಗಳು ಅಂದಾಜಿನಿಂದ ಶೇಕಡಾ 25ಕ್ಕೂ ಮೀರಿ ದೂರ ಸರಿದಿದ್ದವು. ಕೆಲವು ಮೇಲೆ, ಕೆಲವು ಕೆಳಗೆ. ಈ ವ್ಯತ್ಯಾಸಕ್ಕೆ ಜನರಷ್ಟೇ ಕಾರಣರಲ್ಲ, ಯಂತ್ರ ಓಡಿಸುವ ರೀತಿ, ಕಟ್ಟುವಾಗಿನ ಬದಲಾವಣೆಗಳೂ ಸೇರಿವೆ. ಆದರೂ ಸರಾಸರಿ ಸರಿಹೋಯಿತಲ್ಲ ಎನ್ನಬಹುದು.

ತಪ್ಪುಗಳು ಒಂದನ್ನೊಂದು ಕಳೆಯುವುದು ಜನ ಬೇರೆಬೇರೆ ದಿಕ್ಕಿಗೆ ವಾಲಿದಾಗ ಮಾತ್ರ. ಇಡೀ ಊರು ಒಂದೇ ದಿಕ್ಕಿಗೆ ವಾಲಿದರೆ ಅವು ಕೂಡುತ್ತವೆ. ಸಂಜೆ ಆರಕ್ಕೆ ಕಿಟಕಿ ಮುಚ್ಚುವುದು ಒಬ್ಬಿಬ್ಬರ ಅಭ್ಯಾಸವಲ್ಲ, ಬಡಾವಣೆಗೆ ಬಡಾವಣೆಯ ಅಭ್ಯಾಸ. ಎಲ್ಲರೂ ಒಂದೇ ಹೊತ್ತಿಗೆ ಮನೆಗೆ ಬರುತ್ತಾರೆ, ಒಂದೇ ಹೊತ್ತಿಗೆ ಕಿಟಕಿ ಹಾಕುತ್ತಾರೆ, ಏಸಿ ಇದ್ದವರು ಒಂದೇ ಹೊತ್ತಿಗೆ ಏಸಿ ಹಾಕುತ್ತಾರೆ. ಇಂಥ ಕಡೆ ಸರಾಸರಿ ನಮ್ಮನ್ನು ಕಾಯುವುದಿಲ್ಲ. ಇದರ ಹೊರೆ ಬೀಳುವುದು ನಿಮ್ಮದೇ ಟ್ರಾನ್ಸ್‌ಫಾರ್ಮರ್ ಮೇಲೆ, ಸೌರ ವಿದ್ಯುತ್ ನಿಂತ ಮೇಲಿನ ಸಂಜೆಯ ಹೊತ್ತಿನಲ್ಲಿ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಇಂಥ ಬೇಸಿಗೆ ಒಂದೆರಡು ಬಂದರೆ ಏಸಿ ಇಲ್ಲದ ಮನೆಗಳೂ ಕೊಳ್ಳುತ್ತವೆ. ಒಮ್ಮೆ ಕೊಂಡಮೇಲೆ ಕಿಟಕಿ ತೆರೆಯುವ ಅಭ್ಯಾಸ ಇನ್ನಷ್ಟು ಕಡಿಮೆಯಾಗುತ್ತದೆ.

ಆಫೀಸಿನ ಕಥೆ ಬೇರೆ. ಅಲ್ಲಿ ಒಳಗೆ ಕೂತವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಗಾಜಿನ ಗೋಡೆ, ತೆರೆಯದ ಕಿಟಕಿ, ಎಲ್ಲೋ ಇರುವ ಕಂಟ್ರೋಲ್ ರೂಮ್. ಬೇಸಿಗೆಯ ಮಧ್ಯಾಹ್ನವೂ ಕುರ್ಚಿಯ ಬೆನ್ನಿಗೆ ಸ್ವೆಟರ್, ಶಾಲು ನೇತಾಡುತ್ತಿರುತ್ತವೆ. ಪಶ್ಚಿಮದ ಕಡೆ ಕೂತವರು ಬಿಸಿಲು ಕಣ್ಣಿಗೆ ಹೊಡೆಯಿತೆಂದು ಒಂದು ದಿನ ಬ್ಲೈಂಡ್ಸ್ ಇಳಿಸುತ್ತಾರೆ. ಆಮೇಲೆ ಅದನ್ನು ಯಾರೂ ಏರಿಸುವುದಿಲ್ಲ, ಹಗಲಿಡೀ ದೀಪ ಉರಿಯುತ್ತದೆ. ದೊಡ್ಡ ಗಾಜು ಹಾಕಿದ್ದು ಹಗಲು ಬೆಳಕಿಗೆ ಎಂದು ವರದಿಯಲ್ಲಿರುತ್ತದೆ. ಈಗಂತೂ ವಾರದಲ್ಲಿ ಎರಡು ಮೂರು ದಿನ ಮಾತ್ರ ಬರುವವರು ಬೇಕಾದಷ್ಟು ಜನ. ಮಹಡಿಯಲ್ಲಿ ಕಾಲುಭಾಗ ಜನ ಇದ್ದರೂ ಇಡೀ ಮಹಡಿಗೆ ತಂಪು ಹೋಗುತ್ತದೆ, ಯಾಕೆಂದರೆ ಮಹಡಿಯನ್ನು ಸಣ್ಣ ಸಣ್ಣ ಭಾಗ ಮಾಡಿ ನಡೆಸುವ ವ್ಯವಸ್ಥೆಯನ್ನೇ ಇಟ್ಟಿರುವುದಿಲ್ಲ. ಲೆಕ್ಕದಲ್ಲಿ ತುಂಬಿದ ಮಹಡಿಗೆ ಆರಿಸಿದ ದೊಡ್ಡ ಯಂತ್ರ, ಅರೆ ಹೊರೆಯಲ್ಲಿ ದಕ್ಷತೆ ಕಳೆದುಕೊಂಡು ಓಡುತ್ತಿರುತ್ತದೆ.

ಹೀಗಿರುವಾಗ ಬಳಕೆ ಜಾಸ್ತಿಯಾದರೆ "ಜನರಿಗೆ ಶಿಸ್ತಿಲ್ಲ" ಎಂಬ ಮಾತು ಬೇಗ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಒಬ್ಬರಿಗೆ ಬೇಕಾದ ದೀಪಕ್ಕೂ ಇಡೀ ಹಾಲ್‌ಗೂ ಸೇರಿ ಒಂದೇ ಸ್ವಿಚ್ ಇಟ್ಟು, ಅದನ್ನೂ ಬಾಗಿಲ ಹಿಂದೆ ಇಟ್ಟು, ಆಮೇಲೆ "ಉರಿಸಬೇಡಿ" ಎಂದು ಚೀಟಿ ಅಂಟಿಸಿದರೆ ಅದು ನ್ಯಾಯವಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಐದು ಊರುಗಳ ಆಫೀಸುಗಳಲ್ಲಿ ಸಾವಿರಾರು ಜನರನ್ನು ಕೇಳಿ ಭಾರತಕ್ಕೆಂದೇ ಒಂದು ಹಿತದ ಮಾದರಿ ಮಾಡಿದ್ದಾರೆ. ಆ ಐದರಲ್ಲಿ ಬೆಂಗಳೂರೂ ಒಂದು. ಅದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸೇರಿದೆ. ಅದರ ಪ್ರಕಾರ ಹೊರಗೆ ಹಿಂದಿನ 30 ದಿನಗಳ ಸರಾಸರಿ ಉಷ್ಣತೆ 27 ಡಿಗ್ರಿ ಇದ್ದರೆ, ಕಿಟಕಿ ತೆರೆಯುವ ಕಟ್ಟಡದಲ್ಲಿ ಜನರಿಗೆ ಹಿತವೆನಿಸುವುದು ಸುಮಾರು 27.4 ಡಿಗ್ರಿ. ಅದರ ಮೇಲೆ ಕೆಳಗೆ ಎರಡು ಡಿಗ್ರಿಗೂ ಸ್ವಲ್ಪ ಜಾಸ್ತಿ ಹೊಂದಿಕೊಳ್ಳುತ್ತಾರೆ. ನಮ್ಮ ಜನ ಆರಾಮವಾಗಿ ಇರಬಲ್ಲರು. ಅವರಿಗೆ ಬೇಕಾಗಿರುವುದು ಫ್ಯಾನ್, ತೆರೆಯುವ ಕಿಟಕಿ, ಕೈಗೆಟಕುವ ಸ್ವಿಚ್. ಅದನ್ನು ಕೊಡದೆ 22 ಡಿಗ್ರಿಯ ಗಾಳಿ ಊದುವ ಕಟ್ಟಡ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ.

ಈಗ ಸಂಹಿತೆಯ ಒಂದು ನಿಯಮದ ಬಗ್ಗೆ. ಸಿಮ್ಯುಲೇಶನ್ ದಾರಿಯಲ್ಲಿ ಎರಡು ಕಟ್ಟಡಗಳನ್ನು ಹೋಲಿಸುತ್ತೇವೆ. ಸಂಹಿತೆಯ ಕನಿಷ್ಠ ಮಟ್ಟಕ್ಕೆ ಸರಿಯಾದ ಒಂದು, ನಾವು ಕಟ್ಟಲು ಹೊರಟ ಇನ್ನೊಂದು. ಎರಡರಲ್ಲೂ ಜನರ ಶೆಡ್ಯೂಲ್ ಒಂದೇ ಇರಬೇಕು. ಇದರ ಹಿಂದಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ "ನಮ್ಮ ಕಟ್ಟಡದ ಜನ ಬಲು ಮಿತವ್ಯಯಿಗಳು" ಎಂದು ಬರೆದು ಯಾರು ಬೇಕಾದರೂ ಪಾಸಾಗುತ್ತಿದ್ದರು. ಹೋಲಿಕೆಗೆ ಈ ನಿಯಮ ಸರಿ. ಆದರೆ ಹೋಲಿಕೆಗೆಂದು ಮಾಡಿದ ಸಂಖ್ಯೆಯನ್ನು ಎಲ್ಲರೂ ಭವಿಷ್ಯವೆಂದು ಓದುತ್ತಾರೆ. ಬಿಲ್ಡರ್ ಅದನ್ನು ಜಾಹೀರಾತಿಗೆ ಹಾಕುತ್ತಾರೆ. ಮಾಲೀಕರು ಅದರ ಮೇಲೆ ಬಿಲ್ಲಿನ ಅಂದಾಜು ಮಾಡುತ್ತಾರೆ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಎರಡೂ ಕಟ್ಟಡದಲ್ಲಿ ಜನ ಒಂದೇ ರೀತಿ ನಡೆದುಕೊಳ್ಳುತ್ತಾರೆ ಎಂದು ಬರೆದ ಮೇಲೆ, ಜನರ ನಡವಳಿಕೆಯನ್ನು ಬದಲಿಸುವ ಯಾವ ವಿನ್ಯಾಸಕ್ಕೂ ಅಂಕ ಸಿಗುವುದಿಲ್ಲ. ದುಬಾರಿ ಗಾಜಿಗೆ ಅಂಕವಿದೆ. ಸೊಳ್ಳೆ ಜಾಲರಿಗೆ ಇಲ್ಲ. ದಕ್ಷ ಚಿಲ್ಲರ್‌ಗೆ, ಅಂದರೆ ಇಡೀ ಕಟ್ಟಡವನ್ನು ತಂಪು ಮಾಡುವ ದೊಡ್ಡ ಯಂತ್ರಕ್ಕೆ, ಅಂಕವಿದೆ. ಪ್ರತಿ ಮೇಜಿಗೆ ಬೇರೆ ಸ್ವಿಚ್ ಕೊಟ್ಟರೆ, ಪಶ್ಚಿಮದ ಕಿಟಕಿಗೆ ಆಳವಾದ ಚಜ್ಜಾ ಕೊಟ್ಟು ಬ್ಲೈಂಡ್ಸ್ ಇಳಿಸುವ ಅಗತ್ಯವನ್ನು ಕಡಿಮೆ ಮಾಡಿದರೆ, ಬಿಸಿನೀರಿನ ಪೈಪನ್ನು ಅರ್ಧ ಗಿಡ್ಡ ಮಾಡಿದರೆ, ಜನರ ಕೈ ಬದಲಾಗುವುದರಿಂದ ಬರುವ ಉಳಿತಾಯ ನಮ್ಮ ವರದಿಯಲ್ಲಿ ಕಾಣುವುದೇ ಇಲ್ಲ. ಒಬ್ಬ ಆರ್ಕಿಟೆಕ್ಟ್ ಇಂಥದ್ದನ್ನು ಪ್ರೀತಿಯಿಂದ ಸೇರಿಸಿರುತ್ತಾರೆ. ಖರ್ಚು ಕಡಿತದ ಮೀಟಿಂಗ್‌ನಲ್ಲಿ ಮೊದಲು ಹೋಗುವುದು ಅದೇ. ಅದನ್ನು ಉಳಿಸಿಕೊಳ್ಳಲು ನನ್ನ ಬಳಿ ತೋರಿಸಲು ಒಂದು ಅಂಕಿಯೂ ಇರುವುದಿಲ್ಲ. ಈ ಪತ್ರ ಬರೆಯುವಂತೆ ಮಾಡಿದ್ದು ಎಲ್ಲಕ್ಕಿಂತ ಹೆಚ್ಚಾಗಿ ಇದೇ.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದಕ್ಕೆ ಹೆಚ್ಚು ಹಣವೂ ಬೇಡ, ಹೊಸ ಕಾನೂನೂ ಬೇಡ ಎಂದು ನನ್ನ ನಂಬಿಕೆ. ಕಡತದಲ್ಲಿ ಒಂದೇ ಸಂಖ್ಯೆಯನ್ನು ಒಪ್ಪಬೇಡಿ. ಸಂಹಿತೆ ಹೇಳಿದ ಶೆಡ್ಯೂಲಿನ ಲೆಕ್ಕ ಇರಲಿ. ಅದರ ಪಕ್ಕದಲ್ಲಿ ಇನ್ನೂ ಕೆಲವು ಲೆಕ್ಕ ಕೇಳಿ. ಕಿಟಕಿಗಳು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿದ್ದರೆ ಎಷ್ಟು? ಮಹಡಿಯಲ್ಲಿ ಮೂರನೇ ಒಂದು ಭಾಗ ಜನ ಮಾತ್ರ ಇದ್ದರೆ ಎಷ್ಟು? ಬ್ಲೈಂಡ್ಸ್ ಸದಾ ಇಳಿದಿದ್ದರೆ, ಏಸಿ 21ಕ್ಕೆ ಇಟ್ಟರೆ, 27ಕ್ಕೆ ಇಟ್ಟು ಫ್ಯಾನ್ ಹಾಕಿದರೆ? ಮಾಡೆಲ್ ಒಮ್ಮೆ ಸಿದ್ಧವಾದ ಮೇಲೆ ಇವನ್ನು ಓಡಿಸುವುದು ನಮಗೆ ಅಂಥ ದೊಡ್ಡ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ ಕಟ್ಟಡಗಳಿಗೆ ಸ್ಟಾರ್ ಕೊಡುವ ನೇಬರ್ಸ್ ಎಂಬ ಪದ್ಧತಿಯಲ್ಲಿ ಇಂತಿಷ್ಟು ಸ್ಟಾರ್ ಪಡೆಯುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳುವ ಬಿಲ್ಡರ್‌ಗಳು, ಅಂದುಕೊಂಡಂತೆ ನಡೆಯದಿದ್ದರೆ ಏನಾಗುತ್ತದೆ ಎಂಬ ಲೆಕ್ಕಗಳನ್ನೂ ಕೊಡಬೇಕು. ಕಟ್ಟಡ ತುಂಬಿದ ಮೇಲೆ ಸ್ಟಾರ್ ಸಿಗುವುದು ಅಳೆದ ಬಳಕೆಯ ಮೇಲೆ. ಒಂದು ಕಟ್ಟಡ ಜನ ಹೇಗೇ ಬಳಸಿದರೂ ಒಂದು ಮಟ್ಟ ಕಾಯ್ದುಕೊಳ್ಳುತ್ತದೆಯೇ, ಇಲ್ಲ ಎಲ್ಲರೂ ಹೇಳಿದಂತೆ ಕೇಳಿದರೆ ಮಾತ್ರ ಒಳ್ಳೆಯದೇ ಎಂಬುದು ಈ ಲೆಕ್ಕಗಳ ನಡುವಿನ ಅಂತರದಲ್ಲೇ ಗೊತ್ತಾಗುತ್ತದೆ. ಅಂತರ ಕಿರಿದಾಗಿರುವ ಕಟ್ಟಡಕ್ಕೆ ಏನಾದರೂ ಮನ್ನಣೆ ಕೊಡಿ. ಸೊಳ್ಳೆ ಜಾಲರಿಗೆ ಬೆಲೆ ಬರುವುದು ಆಗಲೇ.

ಎರಡನೆಯದು, ಕಟ್ಟಿದ ಮೇಲೆ ನೋಡಿ. ಒಪ್ಪಿಗೆ ಪಡೆದ ಪ್ರತಿ ಕಟ್ಟಡವೂ ತುಂಬಿ ಎರಡು ವರ್ಷವಾದ ಮೇಲೆ ತನ್ನ 12 ತಿಂಗಳ ಬಳಕೆಯನ್ನು ಕೊಡಲಿ. ಮಾಡಿದ ಅಂದಾಜನ್ನೂ ನಿಜವಾದ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸಿ. ಯಾರನ್ನೂ ಶಿಕ್ಷಿಸಲು ಅಲ್ಲ. ನಮ್ಮ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ನಮಗೇ ತಿಳಿಯಲು. ಬ್ಯೂರೋ 2009ರಿಂದಲೇ ಕಟ್ಟಡಗಳಿಗೆ ಅಳೆದ ಬಳಕೆಯ ಮೇಲೆ ಸ್ಟಾರ್ ಕೊಡುವ ಪದ್ಧತಿ ನಡೆಸುತ್ತಿದೆ. ಅದು ಐಚ್ಛಿಕ. ಅಂದಾಜು ಮಾಡುವ ಮೇಜು, ಬಿಲ್ ನೋಡುವ ಮೇಜು ಎರಡೂ ಬೇರೆಬೇರೆಯಾಗಿ ಕೂತಿವೆ. ಅವನ್ನು ಒಂದೆಡೆ ತರುವ ಅಧಿಕಾರ ನಿಮಗಿದೆ. ವಿದ್ಯುತ್ ಸರಬರಾಜು ಕಂಪನಿಗಳೂ ಕ್ರೆಡಲ್ಲೂ ಒಂದೇ ಇಲಾಖೆಯ ಕೆಳಗಿವೆ.

ಮೂರನೆಯದಕ್ಕೆ ತಾಳ್ಮೆ ಬೇಕು. ಕರ್ನಾಟಕದ ಜನ ಮನೆ, ಆಫೀಸು, ಶಾಲೆ, ಹಾಸ್ಟೆಲ್‌ಗಳನ್ನು ಹೇಗೆ ಬಳಸುತ್ತಾರೆ ಎಂಬ ಅಧ್ಯಯನ ಮಾಡಿಸಿ. ಬೆಂಗಳೂರು ಒಂದರದ್ದೇ ಬೇಡ. ಕಲಬುರಗಿಯಲ್ಲಿ ಬೇಸಿಗೆಯ ಹಗಲು ಕಿಟಕಿ ಮುಚ್ಚುವುದೇ ಜಾಣತನ, ಹೊರಗಿನ ಗಾಳಿಯೇ ಬೆಂಕಿ. ಮಂಗಳೂರಿನಲ್ಲಿ ಬೆವರು ಆರಲು ಗಾಳಿ ಆಡುತ್ತಲೇ ಇರಬೇಕು, ಮಳೆ ಸುರಿದಾಗಲೂ ತೆರೆದಿಡಬಹುದಾದ ಕಿಟಕಿ ಬೇಕು. ಮಡಿಕೇರಿಯಲ್ಲಿ ಬಿಸಿನೀರೇ ದೊಡ್ಡ ಖರ್ಚು. ಈ ಮೂರೂ ಊರಿಗೆ ಒಂದೇ ಶೆಡ್ಯೂಲ್ ಕೊಟ್ಟು ಹವಾಮಾನದ ಕಡತ ಮಾತ್ರ ಬದಲಿಸುವುದು ಇವತ್ತಿನ ಪದ್ಧತಿ. ನಮ್ಮ ಜಿಲ್ಲೆಗಳ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸಕ್ಕೆ ತಕ್ಕವರು. ಒಂದು ಉಷ್ಣತೆ ಅಳೆಯುವ ಸಣ್ಣ ಉಪಕರಣ, ಕಿಟಕಿಗೆ ಒಂದು ಸೆನ್ಸರ್, ಮನೆಯವರ ಒಪ್ಪಿಗೆ, ಒಂದು ವರ್ಷ. ಯಾರ ಮನೆ ಎಂಬುದು ಹೊರಬರಬಾರದು. ಯಾವಾಗ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬ ಮಾಹಿತಿ ಅದರಲ್ಲಿರುತ್ತದೆ, ಹಾಗಾಗಿ ಇದರಲ್ಲಿ ಸಡಿಲ ಮಾಡುವಂತಿಲ್ಲ. ಬಂದ ಫಲಿತಾಂಶ ಮಾತ್ರ ಎಲ್ಲರಿಗೂ ಉಚಿತವಾಗಿ ಸಿಗಲಿ, ಕನ್ನಡದಲ್ಲೂ ಸಿಗಲಿ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ಸರ್ಕಾರದ್ದೇ ಕಟ್ಟಡಗಳಿಂದ. ಜಿಲ್ಲೆಗಳಲ್ಲಿ ಜಿಲ್ಲಾಡಳಿತ ಭವನಗಳಿವೆ. ನಕ್ಷೆ ನಿಮ್ಮ ಬಳಿ ಇದೆ, ಬಿಲ್ ನಿಮ್ಮ ಬಳಿ ಇದೆ, ಒಳಗೆ ಕೂರುವವರು ನಿಮ್ಮ ಸಿಬ್ಬಂದಿ. ಯಾರ ಅನುಮತಿಗೂ ಕಾಯಬೇಕಿಲ್ಲ. ನಾಲ್ಕೈದು ಜಿಲ್ಲೆ ಆರಿಸಿ, ಒಂದೊಂದು ಹವೆಗೆ ಒಂದು. ಮಾಡೆಲ್ ಮಾಡುವ ಕೆಲಸವನ್ನು ನಾನು ಸಂಬಳವಿಲ್ಲದೆ ಮಾಡಿಕೊಡಲು ಸಿದ್ಧ. ಈ ಕೆಲಸದಲ್ಲಿರುವ ಗೆಳೆಯರು ಇನ್ನೂ ಕೆಲವರು ಜೊತೆಗೆ ಬರಲು ಒಪ್ಪಿದ್ದಾರೆ. ನಮಗೆ ಬೇಕಾಗಿರುವುದು ಕಳೆದ ಮೂರು ವರ್ಷದ ಬಿಲ್, ಕಟ್ಟಡದ ನಕ್ಷೆ, ಮತ್ತು ಅಲ್ಲಿ ಕೆಲಸ ಮಾಡುವವರ ಜೊತೆ ಕೂತು ಮಾತಾಡಲು ಅವಕಾಶ. ಬರುವ ಬೇಸಿಗೆಗೆ ಮುಂಚೆ ಸೆನ್ಸರ್ ಹಾಕಲು ಸಾಧ್ಯವಾದರೆ ಒಂದು ಪೂರ್ತಿ ವರ್ಷ ವ್ಯರ್ಥವಾಗದೆ ಉಳಿಯುತ್ತದೆ. ದಯವಿಟ್ಟು ಅಷ್ಟರೊಳಗೆ ಉತ್ತರ ಕೊಡಿ.

ವಿಶ್ವಾಸದಿಂದ,
ಕಟ್ಟಡಗಳ ಶಕ್ತಿ ಲೆಕ್ಕ ಮಾಡುವ ಒಬ್ಬ ಎಂಜಿನಿಯರ್
ಬೆಂಗಳೂರು